ಗುಬ್ಬಚ್ಚಿಯಿಂದ ರಂಗನತಿಟ್ಟಿನವರೆಗೆ: ಡಾ. ಸಲೀಂ ಅಲಿಯವರ ಕೋವಿ ಮತ್ತು ಹಕ್ಕಿ



ಅಮೆರಿಕದ ಟೆಕ್ಸಾಸಿನಲ್ಲಿ ಕೆಲಸಕ್ಕಿರುವ ನಿಮ್ಮ ಅಣ್ಣನ ಮಗನೋ ಅಕ್ಕನ ಮಗನೋ ಒಂದು ಭಾನುವಾರ ಫೋನು ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಸೆಪ್ಟೆಂಬರ್ ಒಂದನೇ ತಾರೀಕಿನಿಂದ ಅಲ್ಲಿ ಕಾಡುಪಾರಿವಾಳದ ಬೇಟೆ ಶುರು, ಲೈಸೆನ್ಸ್ ಮಾಡಿಸಿದ್ದೇನೆ, ಪಂಪ್ ಕೋವಿ ತೆಗೆದುಕೊಳ್ಳಲೋ ಸೆಮಿ ಆಟೋಮ್ಯಾಟಿಕ್ ತೆಗೆದುಕೊಳ್ಳಲೋ ಎಂದು ಕೇಳುತ್ತಾನೆ. ನಗರ್ತಪೇಟೆಯ ಬಟ್ಟೆ ಅಂಗಡಿಯಲ್ಲಿ ಕುಳಿತ ನೀವು ಏನು ಹೇಳುತ್ತೀರಿ? ನಮ್ಮ ದೇಶದಲ್ಲಿ ಬೇಟೆ ನಿಂತು ಹೋಗಿ ದಶಕಗಳೇ ಆದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಬಂದ ಮೇಲೆ, ಅಜ್ಜನ ಕಾಲದ ಜೋಡಿನಳಿಗೆ ಕೋವಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದು ಗೋಡೆಗೋ ಬೀರುವಿಗೋ ಸೇರಿದ್ದಷ್ಟೇ. ಆದರೂ ಹುಡುಗನಿಗೆ ಉತ್ತರ ಕೊಡಬೇಕಲ್ಲ.

ಈ ಪ್ರಶ್ನೆಯನ್ನು ನಿಜವಾಗಿ ಕೇಳಬೇಕಾಗಿದ್ದುದು ಒಬ್ಬರನ್ನು. ಅವರು ಬಾಲ್ಯದಿಂದಲೇ ಕೋವಿ ಹಿಡಿದವರು, ದೊಡ್ಡ ಶಿಕಾರಿಯಾಗಬೇಕೆಂದು ಕನಸು ಕಂಡವರು, ಯಂತ್ರಗಳ ವಿಷಯದಲ್ಲಿ ಬಹಳ ಮುತುವರ್ಜಿಯುಳ್ಳವರು. ಅದೇ ಮನುಷ್ಯ ಕೊನೆಗೆ ಭಾರತದ ಹಕ್ಕಿಗಳ ಅತಿ ದೊಡ್ಡ ರಕ್ಷಕರಾದರು. ಅವರೇ ಡಾ. ಸಲೀಂ ಅಲಿ. ಅವರ ಹೆಸರನ್ನು ನಮ್ಮ ಮಕ್ಕಳು ಸಾಮಾನ್ಯ ಜ್ಞಾನದ ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ, ಅವರ ಬದುಕನ್ನು ಮಾತ್ರ ಓದುವುದಿಲ್ಲ. ಅದಕ್ಕಾಗಿ ಈ ಲೇಖನ.

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯ ಸುಲೈಮಾನಿ ಬೊಹ್ರಾ ಕುಟುಂಬವೊಂದರಲ್ಲಿ ಹುಟ್ಟಿದರು. ದೊಡ್ಡ ಸಂಸಾರದ ಕಟ್ಟಕಡೆಯ ಕೂಸು. ವರ್ಷ ತುಂಬುವಷ್ಟರಲ್ಲಿ ತಂದೆ ಮೊಯಿಜುದ್ದೀನ್ ತೀರಿಕೊಂಡರು, ಮೂರು ವರ್ಷವಾಗುವಾಗ ತಾಯಿ ಜೀನತುನ್ನಿಸಾ ಅವರೂ ಹೋದರು. ಯತೀಮ್ ಮಕ್ಕಳನ್ನು ಖೇತ್‌ವಾಡಿಯ ತಮ್ಮ ಮನೆಗೆ ಕರೆದುಕೊಂಡು ಹೋಗಿ ಸಾಕಿದವರು ಮಾಮೂ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಯತೀಮ್ ಮಕ್ಕಳ ಶಿಕ್ಷಣದ ಬಗ್ಗೆ ನಮ್ಮ ಸಂಘಗಳ ಸಭೆಗಳಲ್ಲಿ ಎಷ್ಟೆಲ್ಲ ಮಾತನಾಡುತ್ತೇವೆ! ಅಮೀರುದ್ದೀನ್ ಸಾಹೇಬರು ಭಾಷಣವನ್ನೇನೂ ಮಾಡಲಿಲ್ಲ, ಒಂದು ಮನೆ ತುಂಬ ಮಕ್ಕಳನ್ನು ಬೆಳೆಸಿದರು, ಅಷ್ಟೆ.

ಮಾಮೂ ಶಿಕಾರಿ. ಹುಡುಗನಿಗೆ ಒಂದು ಆಟಿಕೆಯ ಏರ್‌ಗನ್ ಕೊಡಿಸಿದರು. ಓರಗೆಯ ಮಕ್ಕಳ ನಡುವೆ ಗುರಿ ಹೊಡೆಯುವ ಪಂದ್ಯ ನಡೆಯುತ್ತಿತ್ತು. ಆಟದ ಜೊತೆಗಾರರಲ್ಲಿ ಒಬ್ಬ ಒಳ್ಳೆಯ ಗುರಿಕಾರ, ದೂರದ ಸಂಬಂಧಿ ಇಸ್ಕಂದರ್ ಮಿರ್ಜಾ. ಮುಂದೆ 1956ರಲ್ಲಿ ಪಾಕಿಸ್ತಾನದ ಮೊದಲ ಅಧ್ಯಕ್ಷರಾದವರು ಅವರೇ.

ಈ ಏರ್‌ಗನ್ನಿನ ಬಲಿ ಮನೆಯ ಗುಬ್ಬಚ್ಚಿಗಳು. ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಹತ್ತು ವರ್ಷದ ಆಸುಪಾಸಿನ ಹುಡುಗ ಗೋಡೆಯ ಸಂದಿನಲ್ಲಿದ್ದ ಒಂದು ಗೂಡಿನ ಹತ್ತಿರ ಹೊಂಚು ಹಾಕಿ ಗಂಡು ಗುಬ್ಬಿಯನ್ನು ಹೊಡೆದ. ಒಳಗೆ ಹೆಣ್ಣು ಮೊಟ್ಟೆಯ ಮೇಲೆ ಕುಳಿತಿತ್ತು. ಸ್ವಲ್ಪ ಹೊತ್ತಿಗೆ ಅದು ಇನ್ನೊಂದು ಗಂಡನ್ನು ಕರೆದುಕೊಂಡು ಬಂತು. ಅದನ್ನೂ ಹೊಡೆದ. ಏಳು ದಿನಗಳಲ್ಲಿ ಒಂದೇ ಜಾಗದಲ್ಲಿ ಎಂಟು ಗಂಡು ಗುಬ್ಬಿಗಳು ಹೀಗೆ ಸತ್ತವು, ಪ್ರತಿ ಸಲವೂ ಹೆಣ್ಣಿಗೆ ಹೊಸ ಜೊತೆಗಾರ ಸಿಕ್ಕಿತು. ಇದನ್ನೆಲ್ಲ ಆತ ಬರೆದಿಟ್ಟುಕೊಂಡ. ಮನಸ್ಸಿಗೆ ಹಿತವಾಗುವ ಕಥೆಯಲ್ಲ. ಆದರೆ ಕೊಂದದ್ದನ್ನು ಎಣಿಸಿ ಹೆಮ್ಮೆಪಡುವ ಹುಡುಗರು ಬಹಳ ಮಂದಿ, ಕೊಂದ ಜಾಗದಲ್ಲಿ ಏನಾಯಿತೆಂದು ಬರೆದಿಡುವ ಹುಡುಗ ಅಪರೂಪ. ಬಹಳ ವರ್ಷಗಳ ನಂತರ ಅದೇ ಟಿಪ್ಪಣಿ ಪಕ್ಷಿವೀಕ್ಷಕರ ಪತ್ರಿಕೆಯಲ್ಲಿ ಅಚ್ಚಾಯಿತು.

ಇನ್ನೊಂದು ದಿನ ಬಿದ್ದ ಗುಬ್ಬಿಯನ್ನು ಹಲಾಲ್ ಮಾಡಲು ಕೈಗೆತ್ತಿಕೊಂಡಾಗ ಅದರ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇದು ಎಲ್ಲ ಗುಬ್ಬಿಯಂತಲ್ಲ, ಇದನ್ನು ತಿನ್ನಬಹುದೇ ಬಾರದೇ? ಅನುಮಾನ ಬಂದ ಕೂಡಲೇ ಹುಡುಗ ಮಾಮೂನ ಬಳಿಗೆ ಓಡಿದ. ನೋಡಿ, ಹಲಾಲೋ ಅಲ್ಲವೋ ಎಂಬ ಒಂದು ಮಗುವಿನ ಸಂಕೋಚದಿಂದ ಭಾರತದ ಪಕ್ಷಿಶಾಸ್ತ್ರದ ದೊಡ್ಡ ಅಧ್ಯಾಯ ತೆರೆಯಿತು. ಅಮೀರುದ್ದೀನ್ ಸಾಹೇಬರಿಗೂ ಅದು ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. ಅದರ ಗೌರವ ಕಾರ್ಯದರ್ಶಿ ಮಿಲ್ಲರ್ಡ್ ಸಾಹೇಬರಿಗೆ ಒಂದು ಚೀಟಿ ಬರೆದು ಹುಡುಗನನ್ನೇ ಕಳಿಸಿದರು. 1908ರ ಸುಮಾರಿನ ಮಾತು. ಬಿಳಿಯ ಸಾಹೇಬರ ಬಾಗಿಲು ತಟ್ಟಲು ಹೆದರುತ್ತಲೇ ಹೋದ ಹುಡುಗನಿಗೆ ಮಿಲ್ಲರ್ಡ್ ಅದು ಹಳದಿ ಕತ್ತಿನ ಗುಬ್ಬಚ್ಚಿ ಎಂದು ತಿಳಿಸಿ, ಕಪಾಟುಗಳನ್ನು ಒಂದೊಂದಾಗಿ ತೆರೆದು ನೂರಾರು ಹಕ್ಕಿಗಳ ಸಂಗ್ರಹವನ್ನು ತೋರಿಸಿದರು. ಹಕ್ಕಿಯ ಚರ್ಮ ಬಿಡಿಸಿ, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಕಾಪಾಡುವ ವಿದ್ಯೆಯೂ ಅಲ್ಲಿಯೇ ಸಿಕ್ಕಿತು.

ಮುಂದೆ ಅವರು ನಮಾಜಿನಂಥ ಆಚರಣೆಗಳಿಂದ ದೂರವಾದರೆಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ, ಅವರೂ ಮುಚ್ಚಿಟ್ಟವರಲ್ಲ. ಮಹನೀಯರ ಜೀವನ ಬರೆಯುವಾಗ ನಮಗೆ ಬೇಕಾದಂತೆ ತಿದ್ದಿ ಬರೆಯುವ ಚಟ ನಮ್ಮ ಪತ್ರಿಕೆಗಳಿಗಿದೆ, ಅದು ಒಳ್ಳೆಯದಲ್ಲ.

ಓದಿನಲ್ಲಿ ಸಲೀಂ ಅಲಿ ಮುಂದಿರಲಿಲ್ಲ. ತಲೆನೋವಿನ ಕಾಯಿಲೆಯಿಂದ ಶಾಲೆ ತಪ್ಪುತ್ತಿತ್ತು, ಗಣಿತವಂತೂ ಹತ್ತಲೇ ಇಲ್ಲ. 1913ರಲ್ಲಿ ಹೇಗೋ ಮೆಟ್ರಿಕ್ ಆಯಿತು. ಕಾಲೇಜು ಬಿಟ್ಟು ಬರ್ಮಾದ ಟವೋಯ್‌ಗೆ, ಮನೆಯವರ ವುಲ್ಫ್ರಂ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಹೋದರು. ವ್ಯಾಪಾರಕ್ಕಿಂತ ಸುತ್ತಲಿನ ಕಾಡೇ ಅವರನ್ನು ಹೆಚ್ಚು ಸೆಳೆಯಿತು. 1917ರಲ್ಲಿ ಮರಳಿ ಬಂದು ವಾಣಿಜ್ಯದ ತರಗತಿಗೂ ಸೇಂಟ್ ಝೇವಿಯರ್ಸ್ ಕಾಲೇಜಿನ ಪ್ರಾಣಿಶಾಸ್ತ್ರಕ್ಕೂ ಸೇರಿದರು. 1918ರ ಡಿಸೆಂಬರಿನಲ್ಲಿ ತೆಹ್ಮಿನಾ ಅವರೊಡನೆ ನಿಕಾಹ್ ಆಯಿತು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯಲ್ಲಿ ಪಕ್ಷಿತಜ್ಞನ ಹುದ್ದೆ ಖಾಲಿಯಾದಾಗ ವಿಶ್ವವಿದ್ಯಾನಿಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಅದು ಕೈತಪ್ಪಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ತಿಂಗಳಿಗೆ 350 ರೂಪಾಯಿ ಸಂಬಳದ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು. ಅದರಿಂದ ರಜೆ ಪಡೆದು ಬರ್ಲಿನ್ನಿಗೆ ಹೋಗಿ ಪ್ರೊಫೆಸರ್ ಎರ್ವಿನ್ ಸ್ಟ್ರೆಸೆಮನ್ ಅವರಲ್ಲಿ ಕಲಿತರು. 1930ರಲ್ಲಿ ಹಿಂತಿರುಗಿ ನೋಡಿದರೆ ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಮೂವತ್ತಮೂರು ವರ್ಷದ ಗಂಡಸು, ಕೈಯಲ್ಲಿ ಕೆಲಸವಿಲ್ಲ, ಪದವಿಯಿಲ್ಲ. ಗಂಡ ಹೆಂಡತಿ ಮುಂಬಯಿಯ ಆಚೆಗೆ ಸಮುದ್ರದಂಡೆಯ ಕಿಹೀಂ ಎಂಬ ಹಳ್ಳಿಯ ಮನೆಗೆ ಹೋಗಿ ನೆಲೆಸಿದರು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಸಲೀಂ ಅಲಿ ಏಣಿಯ ಮೇಲೆ ಮರೆ ಕಟ್ಟಿಕೊಂಡು ಅದರೊಳಗೆ ಗಂಟೆಗಟ್ಟಲೆ ಕುಳಿತರು. ಗಂಡು ಗೀಜಗ ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಮುಗಿಸುತ್ತದೆ, ಆಮೇಲೆ ಇನ್ನೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬರೆದರು. ಗುಬ್ಬಿಯ ಗೂಡಿನ ಮುಂದೆ ಹೊಂಚು ಹಾಕಿದ ಅದೇ ಹುಡುಗ, ಅದೇ ತಾಳ್ಮೆ. ಈ ಸಲ ಕೋವಿ ಬೇಕಾಗಲಿಲ್ಲ.

ಹಾಗಂತ ಕೋವಿಯನ್ನು ಅವರು ಬಿಟ್ಟರೆಂದಲ್ಲ. ಕೂಡಲೇ ಅವರು ದೇಶೀ ಸಂಸ್ಥಾನಗಳ ಮುಂದೆ ಒಂದು ಸಲಹೆಯಿಟ್ಟರು. ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ, ನನಗೆ ಸಂಬಳ ಬೇಡ, ಡೇರೆ, ಪ್ರಯಾಣ, ಸಹಾಯಕರ ಖರ್ಚು ಮಾತ್ರ ಕೊಡಿ ಎಂದು. 1931ರಲ್ಲಿ ಹೈದರಾಬಾದಿನಿಂದ ಶುರುವಾಗಿ ಕೊಚ್ಚಿ, ತಿರುವಾಂಕೂರುಗಳಲ್ಲಿ ಕೆಲಸ ನಡೆಯಿತು. ತೆಹ್ಮಿನಾ ಬೇಗಂ ಡೇರೆಯಿಂದ ಡೇರೆಗೆ ಜೊತೆಗೆ ಹೋಗುತ್ತಿದ್ದರು.

ಇಲ್ಲಿ ಕೋವಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದಲ್ಲಿ ಒಳ್ಳೆಯ ದುರ್ಬೀನು, ಹಕ್ಕಿಯ ಫೋಟೋ ಹಿಡಿಯುವ ಕ್ಯಾಮೆರಾ ಸುಲಭವಾಗಿರಲಿಲ್ಲ. ಒಂದು ಹಕ್ಕಿ ಯಾವ ಜಾತಿಯದು, ಮೈಸೂರಿನದಕ್ಕೂ ಕೊಚ್ಚಿಯದಕ್ಕೂ ರೆಕ್ಕೆಯ ಅಳತೆಯಲ್ಲಿ ವ್ಯತ್ಯಾಸವೇನು ಎಂದು ಹೇಳಬೇಕಾದರೆ ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಲೇಬೇಕಿತ್ತು. ಹೂವಿನ ಮೇಲೆ ಕುಳಿತ ಸೂರಕ್ಕಿಯನ್ನು ಬಾತುಕೋಳಿಗೆ ಹೊಡೆಯುವ ಹನ್ನೆರಡು ಬೋರಿನ ದಪ್ಪ ಚರೆಯಿಂದ ಹೊಡೆದರೆ ಕೈಗೆ ಸಿಗುವುದು ನಾಲ್ಕು ಗರಿ. ಆದ್ದರಿಂದ ಮ್ಯೂಸಿಯಮ್ಮುಗಳಿಗಾಗಿ ಸಂಗ್ರಹಿಸುವವರು ಸಣ್ಣ ಬೋರಿನ ಕೋವಿ, ಸಾಸಿವೆಗಿಂತ ಸಣ್ಣದಾದ ಪುಡಿಚರೆ ಬಳಸುತ್ತಿದ್ದರು. ಅವರಿಗೆ ಬೇಕಾದದ್ದು ಒಂದೇ ಹಕ್ಕಿ, ಒಂದೇ ಈಡು, ಅದೂ ಗರಿ ಕೆಡದಂತೆ. ಹೊಡೆದ ಮೇಲೆ ಅಸಲಿ ಕೆಲಸ ಶುರು. ಅಳತೆ, ಕಣ್ಣಿನ ಬಣ್ಣ, ಹೊಟ್ಟೆಯಲ್ಲಿ ಏನಿತ್ತು, ಗಂಡೋ ಹೆಣ್ಣೋ, ಊರು, ತಾರೀಕು ಎಲ್ಲವೂ ಅದೇ ದಿನ ಲಾಟೀನಿನ ಬೆಳಕಿನಲ್ಲಿ ಬರೆದು ಮುಗಿಯಬೇಕು.

ಪಂಪ್ ಮತ್ತು ಸೆಮಿ ಆಟೋಮ್ಯಾಟಿಕ್ ಕೋವಿಗಳು ಹುಟ್ಟಿದ್ದು ಬೇರೆ ಉದ್ದೇಶಕ್ಕೆ. ಪಂಪ್ ಕೋವಿಯಲ್ಲಿ ನಳಿಗೆಯ ಕೆಳಗಿನ ಮರದ ಹಿಡಿಯನ್ನು ಎಡಗೈಯಿಂದ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರುತ್ತದೆ, ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಒಳಗೆ ಕೂರುತ್ತದೆ. ಸೆಮಿ ಆಟೋಮ್ಯಾಟಿಕ್ಕಿನಲ್ಲಿ ಈ ಕೆಲಸವನ್ನು ಈಡಿನ ಹಿಂದೊದೆತವೋ ಸಿಡಿಮದ್ದಿನ ಅನಿಲವೋ ಮಾಡುತ್ತದೆ, ನೀವು ಟ್ರಿಗರ್ ಒತ್ತುತ್ತಾ ಹೋದರಾಯಿತು. 1897ರ ಹೆಸರಾಂತ ವಿಂಚೆಸ್ಟರ್ ಪಂಪ್, 1902ರಿಂದ ಬೆಲ್ಜಿಯಮ್ಮಿನಲ್ಲಿ ತಯಾರಾದ ಬ್ರೌನಿಂಗ್ ಸೆಮಿ ಆಟೋಮ್ಯಾಟಿಕ್, ಇವೆರಡೂ ಜಾನ್ ಬ್ರೌನಿಂಗ್ ಎಂಬ ಒಬ್ಬನೇ ಅಮೆರಿಕನ್ನನ ತಲೆಯಿಂದ ಬಂದವು. ಮೂರನೆಯ, ನಾಲ್ಕನೆಯ, ಐದನೆಯ ಈಡಿಗಾಗಿಯೇ ಇವು. ಕೋಟಿಗಟ್ಟಲೆ ಇದ್ದ ಪ್ಯಾಸೆಂಜರ್ ಪಾರಿವಾಳದ ಕಟ್ಟಕಡೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಬಾತುಗಳಿಗೂ ಅದೇ ಗತಿಯಾದೀತೆಂಬ ಭಯ ಹುಟ್ಟಿದ ಮೇಲೆ, 1935ರಲ್ಲಿ ಅಮೆರಿಕದ ಸರ್ಕಾರವೇ ವಲಸೆ ಬಾತುಗಳ ಬೇಟೆಗೆ ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದೆಂದು ನಿಯಮ ಮಾಡಿತು. ಪಾರಿವಾಳಕ್ಕೂ ಆ ನಿಯಮ ಅನ್ವಯ.

ಆದರೆ ತಪ್ಪೆಲ್ಲ ಯಂತ್ರದ ಮೇಲೆ ಹಾಕಿ ನಾವು ನುಣುಚಿಕೊಳ್ಳುವಂತಿಲ್ಲ. ರಾಜಸ್ಥಾನದ ಭರತ್‌ಪುರದಲ್ಲಿ ಒಂದು ಕಲ್ಲಿನ ಶಾಸನವಿದೆ. ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಗೌರವಾರ್ಥ ನಡೆದ ಶಿಕಾರಿಯಲ್ಲಿ ಒಂದೇ ದಿನ ಬಿದ್ದ ಹಕ್ಕಿಗಳ ಸಂಖ್ಯೆ ಅದರಲ್ಲಿದೆ: 4,273. ಜೋಡಿನಳಿಗೆಯೇ ಗಂಡಸಿನ ಕೋವಿ, ತಾನೇ ತುಂಬಿಕೊಳ್ಳುವ ಕೋವಿ ಹಿಡಿಯುವುದು ಮರ್ಯಾದೆಯಲ್ಲ ಎನ್ನುತ್ತಿದ್ದ ದೊಡ್ಡವರ ವರ್ಗ ಅದು. ಬಗಲಿಗೆ ತೋಟಾ ತುಂಬಿಕೊಡುವ ಆಳು ಇದ್ದರೆ ಜೋಡಿನಳಿಗೆಯಿಂದಲೂ ಕೆರೆ ಬರಿದು ಮಾಡಬಹುದು. ಶಾಸನದಲ್ಲಿರುವ ತಾರೀಕು 1938ರ ನವೆಂಬರ್ 12. ಅಂದು ಸಲೀಂ ಅಲಿಯವರಿಗೆ ನಲವತ್ತೆರಡು ತುಂಬಿತು.

ಮರುವರ್ಷ, 1939ರ ಜುಲೈಯಲ್ಲಿ, ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ನಂತರ ರಕ್ತ ನಂಜಾಗಿ ತೆಹ್ಮಿನಾ ಬೇಗಂ ಇಂತಕಾಲ್ ಆದರು. ಮಕ್ಕಳಿರಲಿಲ್ಲ. ಇಪ್ಪತ್ತು ವರ್ಷದ ಸಂಗಾತಿ ಹೋದ ಮೇಲೆ ಸಲೀಂ ಅಲಿ ತಂಗುದಾಣಕ್ಕಾಗಿ ಅಕ್ಕನ ಮನೆ ಸೇರಿದರು, ಮನಸ್ಸಿಗಾಗಿ ಕಾಡು ಸೇರಿದರು. ಆ ಕಾಡು ನಮ್ಮದು. ತೆಹ್ಮಿನಾ ಇಲ್ಲದೆ ಅವರು ಕೈಗೊಂಡ ಸಮೀಕ್ಷೆ ಮೈಸೂರು ಸಂಸ್ಥಾನದ್ದು, 1939ರ ಕೊನೆಯಿಂದ 1940ರ ಆರಂಭದವರೆಗೆ. ಅದರ ವರದಿಯನ್ನು ಹ್ಯೂ ವಿಸ್ಲರ್ ಅವರೊಡನೆ ಸೇರಿ ಸೊಸೈಟಿಯ ಪತ್ರಿಕೆಯಲ್ಲಿ 1942ರಿಂದ ಕಂತುಗಳಲ್ಲಿ ಪ್ರಕಟಿಸಿದರು. ಕರ್ನಾಟಕದಲ್ಲಿ ಹಕ್ಕಿ ನೋಡುವವರು ಹಳೆಯ ಲೆಕ್ಕ ಬೇಕಾದಾಗ ಇಂದಿಗೂ ತೆರೆಯುವುದು ಆ ಪುಟಗಳನ್ನೇ.

ಆ ದಿನಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುವಿನ ಕೆಲವು ತಿಟ್ಟುಗಳು ಅವರ ಕಣ್ಣಿಗೆ ಬಿದ್ದವು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಕಟ್ಟೆಯಿಂದ ನೀರು ನಿಂತು ಉಂಟಾದ ಜಾಗ ಅದು. ಟಿಪ್ಪು ಸುಲ್ತಾನರ ಕೋಟೆಗೆ ಕೂಗಳತೆಯಲ್ಲವಾದರೂ ಬಹಳ ದೂರವೇನಲ್ಲ. ಬಾಯಿಕಳಕ, ಚಮಚದ ಕೊಕ್ಕು, ಬೆಳ್ಳಕ್ಕಿ, ನೀರುಕಾಗೆಗಳು ಅಲ್ಲಿನ ಗಿಡಮರಗಳಲ್ಲಿ ಗೂಡುಕಟ್ಟಿ ಮರಿ ಮಾಡುತ್ತಿದ್ದವು. ಸಲೀಂ ಅಲಿ ಒಡೆಯರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆರು ತಿಟ್ಟು, ಸುಮಾರು ನಲವತ್ತು ಎಕರೆ. 2022ರಲ್ಲಿ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ಸಿಕ್ಕಿತು. ಶಾಲೆಯ ಪ್ರವಾಸದಲ್ಲಿ ನೀವು ಅಲ್ಲಿ ದೋಣಿಯಲ್ಲಿ ಕುಳಿತು ಮೊಸಳೆ ನೋಡಿರುತ್ತೀರಿ. ಹೆಂಡತಿ ತೀರಿಕೊಂಡ ವರ್ಷದೊಳಗೆ ಒಬ್ಬ ಮನುಷ್ಯ ಆ ದಡದಲ್ಲಿ ನಿಂತು ಲೆಕ್ಕ ಬರೆಯುತ್ತಿದ್ದನೆಂದು ಯಾವ ಮೇಷ್ಟರೂ ನಮಗೆ ಹೇಳಲಿಲ್ಲ.

1941ರಲ್ಲಿ ಬಂದ ಭಾರತದ ಹಕ್ಕಿಗಳ ಕುರಿತ ಪುಸ್ತಕ ಅವರನ್ನು ಮನೆಮಾತಾಗಿಸಿತು. ಅದರ ವಿಷಯ ಎಲ್ಲರೂ ಬಲ್ಲರು. ಮೋಟಾರ್‌ಸೈಕಲ್ ಹುಚ್ಚಿನ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು: ಹಾರ್ಲೆ ಡೇವಿಡ್‌ಸನ್, ಡಗ್ಲಸ್, ಸ್ಕಾಟ್, ಜೆನಿತ್ ಹೀಗೆ ಒಂದಾದ ಮೇಲೊಂದು ಓಡಿಸಿದರು. 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ ಹೋದಾಗ ತಮ್ಮ ಸನ್‌ಬೀಮ್ ಗಾಡಿಯನ್ನು ಹಡಗಿನಲ್ಲಿ ಒಯ್ದು ಯುರೋಪಿನ ರಸ್ತೆಗಳಲ್ಲಿ ಓಡಿಸಿಕೊಂಡು ಹೋದರು. ಆಗ ವಯಸ್ಸು ಐವತ್ತಮೂರು.

ಇನ್ನು ಅವರ ಬದುಕಿನಲ್ಲಿ ಕೋವಿಯ ಜಾಗಕ್ಕೆ ಬಲೆ ಬಂದ ಬಗೆ. ಅದಕ್ಕೂ ನಮ್ಮ ನಾಡಿಗೂ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಹರಡಿತು. ಮಂಗನ ಕಾಯಿಲೆ ಎಂದು ನಾವು ಹೇಳುವುದು ಅದನ್ನೇ. ಅದರ ವೈರಸ್ ಸೈಬೀರಿಯಾದ ಓಮ್‌ಸ್ಕ್ ಜ್ವರದ ವೈರಸ್ಸಿಗೆ ಹತ್ತಿರದ್ದೆಂದು ಕಂಡಾಗ, ಚಳಿಗಾಲದಲ್ಲಿ ಅಲ್ಲಿಂದ ಬರುವ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೇ ಎಂಬ ಅನುಮಾನ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳನ್ನು ಜೀವಂತ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುವ ಕೆಲಸ ದೊಡ್ಡದಾಗಿ ಶುರುವಾಯಿತು. ಹಕ್ಕಿ ಹಿಡಿಯುವವರಲ್ಲಿ ಬಿಹಾರದ ಮೀರ್‌ಶಿಕಾರ್ ಸಮುದಾಯದ ಬಡ ಮುಸ್ಲಿಮರಿದ್ದರು. ತಲೆಮಾರುಗಳಿಂದ ಹಕ್ಕಿ ಹಿಡಿದು ಮಾರಿ ಬದುಕಿದವರ ಕೈಚಳಕ ಈಗ ಹಕ್ಕಿಯ ಗರಿ ಮುದುಡದಂತೆ ಹಿಡಿದು ಹಾರಿಬಿಡುವ ವಿದ್ಯೆಯಾಯಿತು. ಅವರಲ್ಲಿ ಅಲಿ ಹುಸೇನ್ ಎಂಬವರ ಹೆಸರು ಪಕ್ಷಿತಜ್ಞರೆಲ್ಲರಿಗೂ ಪರಿಚಿತ. ಲಕ್ಷಕ್ಕೂ ಮೀರಿ ಹಕ್ಕಿಗಳಿಗೆ ಉಂಗುರ ಬಿತ್ತು. ಕಾಯಿಲೆಯನ್ನು ಹಕ್ಕಿಗಳೇ ತಂದವೆಂಬುದು ಸಾಬೀತಾಗಲಿಲ್ಲ, ಆದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆಂಬುದು ಮೊದಲ ಬಾರಿಗೆ ಸರಿಯಾಗಿ ತಿಳಿಯಿತು. ಈ ಕೆಲಸದ ಮುಖ್ಯ ಶಿಬಿರ ಇದ್ದದ್ದು ಎಲ್ಲಿ ಗೊತ್ತೇ? ಆ ಕಲ್ಲಿನ ಶಾಸನವಿರುವ ಭರತ್‌ಪುರದಲ್ಲೇ. ಆ ಜೌಗನ್ನು ಬತ್ತಿಸಿ ಹೊಲ ಮಾಡಬೇಕೆಂಬ ಒತ್ತಡ ಬಂದಾಗ ನೆಹರೂ ಅವರವರೆಗೆ ಹೋಗಿ ಉಳಿಸಿದವರೂ ಇವರೇ.

ಪದವಿಯಿಲ್ಲವೆಂದು ಕೆಲಸ ಸಿಗದವರಿಗೆ 1958ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. ಡಿಲ್ಲನ್ ರಿಪ್ಲಿಯವರೊಡನೆ ಬರೆದ ಹತ್ತು ಸಂಪುಟಗಳ ಮಹಾಗ್ರಂಥ 1968ರಿಂದ 1974ರವರೆಗೆ ಹೊರಬಂತು. ಗೆಟ್ಟಿ ಪ್ರಶಸ್ತಿಯ 50 ಸಾವಿರ ಡಾಲರನ್ನು ನಿಸರ್ಗ ಸಂರಕ್ಷಣೆಯ ನಿಧಿಗೆ ಮೂಲಧನವಾಗಿಸಿದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, ಅದೇ ವರ್ಷ ಆ ಮೊದಲ ಗುಬ್ಬಿಯ ಹೆಸರು ಹೊತ್ತ ಆತ್ಮಕಥೆ ಬಂತು. ಹಕ್ಕಿ ಕೊಂದವನು ಹಕ್ಕಿ ಉಳಿಸುವ ಮಾತಾಡುವುದೇ ಎಂದು ಟೀಕಿಸುವವರಿದ್ದರು. ಅವರು ತಮ್ಮ ಕೋವಿಯನ್ನು ಅಲ್ಲಗಳೆಯಲಿಲ್ಲ. ಲೆಕ್ಕವಿಟ್ಟು ತೆಗೆದ ಕೆಲವು ಹಕ್ಕಿಗಳಿಂದ ಸಂತತಿ ಅಳಿಯುವುದಿಲ್ಲ, ಕೆರೆ ಕಾಡು ಹೋದರೆ ಅಳಿಯುತ್ತದೆ ಎಂಬ ನಿಲುವಿನಲ್ಲೇ ಇದ್ದರು. ನಮ್ಮ ಪೇಟೆಯ ಗುಬ್ಬಿಗಳನ್ನು ಯಾರೂ ಕೋವಿಯಿಂದ ಹೊಡೆದಿಲ್ಲ, ಆದರೂ ಹೆಂಚಿನ ಸಂದುಗಳು ಹೋಗಿ ಕಾಂಕ್ರೀಟು ಬಂದ ಮೇಲೆ ನಗರ್ತಪೇಟೆಯಲ್ಲಿ ಒಂದು ಗೂಡು ಹುಡುಕಿ ನೋಡಿ. 1987ರ ಜೂನ್ 20ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಸಲೀಂ ಅಲಿಯವರು ಮುಂಬಯಿಯಲ್ಲಿ ತೀರಿಕೊಂಡರು.

ಈಗ ಟೆಕ್ಸಾಸಿನ ಹುಡುಗನಿಗೆ ಬರೋಣ. ಸೆಮಿ ಆಟೋಮ್ಯಾಟಿಕ್ ಭುಜಕ್ಕೆ ಕಡಿಮೆ ಒದೆಯುತ್ತದೆ, ಎರಡನೆಯ ಈಡು ಬೇಗ ಸಿಗುತ್ತದೆ. ಆದರೆ ಬೆಲೆ ಹೆಚ್ಚು, ಮಸಿ ಕಟ್ಟಿದರೆ ಮುನಿಯುತ್ತದೆ, ಹಗುರ ತೋಟಾ ಹಾಕಿದರೆ ಕೆಲವು ಕೋವಿಗಳು ಅರ್ಧಕ್ಕೇ ನಿಲ್ಲುತ್ತವೆ. ಪಂಪ್ ಅಗ್ಗ, ಗಟ್ಟಿ, ಕೆಸರಿಗೂ ಹೆದರುವುದಿಲ್ಲ, ಯಾವ ತೋಟಾ ಕೊಟ್ಟರೂ ತಿನ್ನುತ್ತದೆ. ಇದು ಅಂಗಡಿಯವನು ಹೇಳುವ ಮಾತು. ಅಂಗಡಿಯವನು ಹೇಳದ ಮಾತೊಂದಿದೆ. ಚರೆ ತಗುಲಿ ಸತ್ತ ಹಕ್ಕಿ ಏಟಿನಿಂದ ಸತ್ತದ್ದು, ಜೀವವಿರುವಾಗಲೇ ಸಿಕ್ಕಿ ಬಿಸ್ಮಿಲ್ಲಾಹ್ ಹೇಳಿ ಜಬಹ್ ಮಾಡಿದರೆ ಮಾತ್ರ ಹಲಾಲ್ ಎನ್ನುವುದು ಹನಫೀ ಉಲೇಮಾಗಳಲ್ಲಿ ಬಹುತೇಕರ ಅಭಿಪ್ರಾಯ. ಬೇರೆ ಅಭಿಪ್ರಾಯದ ವಿದ್ವಾಂಸರೂ ಇದ್ದಾರೆ, ಅವನು ತನ್ನ ಮಸೀದಿಯ ಇಮಾಮರನ್ನು ಕೇಳಿಕೊಳ್ಳಲಿ. ಬಿದ್ದ ಹಕ್ಕಿಯ ಬಳಿಗೆ ಓಡಬೇಕಾದವನಿಗೆ ಕ್ಷಣದಲ್ಲಿ ಮೂರು ಈಡು ಹಾರಿಸುವ ಕೋವಿಯಿಂದ ಏನು ಲಾಭ? ಎರಡನೆಯ ಹಕ್ಕಿಯತ್ತ ನೋಡುವಷ್ಟರಲ್ಲಿ ಮೊದಲನೆಯದು ಪೊದೆಯಲ್ಲಿ ಕಳೆದುಹೋಗಿರುತ್ತದೆ. ಎಡಗೈ ಒಂದು ಸಲ ಹಿಂದಕ್ಕೂ ಮುಂದಕ್ಕೂ ಆಡುವ ಹೊತ್ತಿನಲ್ಲಿ ಮನುಷ್ಯನಿಗೆ ಯೋಚನೆ ಬರುತ್ತದೆ.

ಆದ್ದರಿಂದ ಪಂಪ್ ತೆಗೆದುಕೊಳ್ಳಲು ಹೇಳಿ. ಅದರಲ್ಲಿ ಮೂರೇ ತೋಟಾ ಹಿಡಿಯುವಂತೆ ತಡೆಗೋಲು ಹಾಕಿದೆಯೇ ಎಂದು ನೋಡಿಕೊಳ್ಳಲಿ. ಮುಂದೆ ಬಾತು ಹೊಡೆಯಲು ಹೋಗುವುದಾದರೆ ಸೀಸದ ಚರೆ ಬೇಡ, 1991ರಿಂದ ಅಲ್ಲಿ ಅದಕ್ಕೆ ನಿಷೇಧವಿದೆ. ಜೇಬಿನಲ್ಲಿ ಒಂದು ಹರಿತವಾದ ಚಾಕು ಇರಲಿ, ಒಂದು ಸಣ್ಣ ನೋಟ್‌ಬುಕ್ಕೂ ಇರಲಿ.